ಟಾಮಿ, ವೀಲ್ ಪಾನಾ, ಎಲ್ ಸ್ಪ್ಯಾನರ್: ಎಲ್ಲಾ ಒಂದೇನಾ? ಕನ್ನಡದಲ್ಲಿ ಏನಂತ ಬರೆಯಲಿ?

ಸಂಜೆಮಲ್ಲಿಗೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಗಾಡಿ ಕೆಲಸ ಬಲ್ಲವರು ಯಾರಾದರೂ ಇದ್ದರೆ ಸ್ವಲ್ಪ ಹೇಳಿ.

ಹೋದ ಭಾನುವಾರ ಅಮ್ಮನ್ನ ಕರ್ಕೊಂಡು ದುರ್ಗದಿಂದ ವಾಪಸ್ ಬರುತ್ತಿದ್ದೆ. ಭರಮಸಾಗರ ದಾಟಿ ಸ್ವಲ್ಪ ದೂರಕ್ಕೆ ಹಿಂದಿನ ಎಡಗಡೆ ಟೈರ್ ಪಂಚರ್. ಹಗಲು ಹೊತ್ತು, ಹೆದರಿಕೆ ಏನಿರಲಿಲ್ಲ. ಸೋದರಮಾವನಿಗೆ ಫೋನ್ ಮಾಡಿದೆ. ಇಪ್ಪತ್ತು ವರ್ಷ ಲಾರಿ ಓಡಿಸಿದವರು ಅವರು. "ಸ್ಟೆಪ್ನಿ ಇಳಿಸು. ಜಾಕ್ ತಗಿ. ಟಾಮಿ ಎಲ್ಲಿದೆ ನೋಡು" ಅಂದರು. ಸ್ಪೀಕರ್ ಆನ್ ಇತ್ತು. ಅಮ್ಮ ಪಕ್ಕದಿಂದ, "ಟಾಮಿ ಸತ್ತು ಆರು ವರ್ಷ ಆಯ್ತಲ್ಲೋ" ಅಂದರು. ಅದು ನಮ್ಮನೆ ನಾಯಿ ಹೆಸರು.

ಡಿಕ್ಕಿಯಲ್ಲಿ ಜಾಕ್ ಜೊತೆ ಎರಡು ಕಬ್ಬಿಣ ಇದ್ದವು. ಒಂದು ಉದ್ದ ಕಂಬಿ, ತುದಿಗೆ ಕೊಕ್ಕೆ. ಇನ್ನೊಂದು ಎಲ್ ಥರ ಬಾಗಿ, ತುದಿಯಲ್ಲಿ ಪುಟ್ಟ ಬಟ್ಟಲಿನಂಥದ್ದು. ಎಲ್ ಥರದ್ದೇ ಟಾಮಿ ಅಂದುಕೊಂಡು ಮಾವನಿಗೆ "ಸಿಕ್ತು" ಅಂದೆ. "ಹಂಗಾದ್ರೆ ಅದನ್ನ ಜಾಕ್‌ಗೆ ಹಾಕು" ಅಂದರು. ಹಾಕಲು ನೋಡಿದರೆ ಕೂರಲೇ ಇಲ್ಲ. ಅಷ್ಟರಲ್ಲಿ ಫೋನ್ ಕಟ್ಟಾಯ್ತು. ಕೊನೆಗೆ ಈರುಳ್ಳಿ ತುಂಬಿಕೊಂಡು ಹೋಗುತ್ತಿದ್ದ ಗೂಡ್ಸ್ ಗಾಡಿಯ ಅಣ್ಣ ಒಬ್ಬರು ನಿಲ್ಲಿಸಿ ಹಾಕಿಕೊಟ್ಟರು. ಅವರು ಆ ಎಲ್‌ಗೆ "ವೀಲ್ ಪಾನಾ" ಅಂದರು. ಬೆಂಗಳೂರಲ್ಲಿರುವ ತಮ್ಮ "ಲಗ್ ರೆಂಚ್" ಅಂತಾನೆ. ಯೂಟ್ಯೂಬ್‌ನಲ್ಲಿ ಇಂಗ್ಲೆಂಡಿನವನೊಬ್ಬ "ವೀಲ್ ಬ್ರೇಸ್" ಅಂತಿದ್ದ.

ಸುಮ್ನೆ ಕುತೂಹಲಕ್ಕೆ ಕೇಳ್ತಿಲ್ಲ. ನಮ್ಮ ಸ್ವಸಹಾಯ ಸಂಘದವರು ರೊಟ್ಟಿ ಸಾಗಿಸಲು ಹಳೇ ವ್ಯಾನ್ ತೊಗೊಂಡಿದ್ದಾರೆ. ನಾಲ್ಕು ಜನ ಹೆಂಗಸರು ಓಡಿಸುತ್ತಾರೆ. ಗಾಲಿ ಬದಲಿಸುವುದು ಹೇಗೆ ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದು ಡಿಕ್ಕಿ ಬಾಗಿಲಿಗೆ ಅಂಟಿಸುವ ಕೆಲಸ ನನ್ನ ತಲೆಗೆ ಬಂದಿದೆ. ಮೊದಲನೇ ಸಾಲಿಗೇ ನಿಂತಿದ್ದೇನೆ. ಇದಕ್ಕೆ ಏನಂತ ಬರೆಯಲಿ?

ಬೆಣ್ಣೆಖಾಲಿ (ದಾವಣಗೆರೆ)

"ಟಾಮಿ ಕಚ್ಚಲ್ಲ, ಧೈರ್ಯವಾಗಿ ಹಿಡಿಯಿರಿ" ಅಂತ ಬರೀರಿ.

ಪಿಬಿರೋಡ್ ಪಾನಾ (ದಾವಣಗೆರೆ)

ಮೇಡಂ, ನಾನು ಗ್ಯಾರೇಜ್ ಇಟ್ಟವನು. ನಮ್ಮ ಕಡೆ ನಟ್ಟು ಬಿಚ್ಚುವ ಸಾಮಾನಿಗೆಲ್ಲ ಒಂದೇ ಮನೆ ಹೆಸರು, ಪಾನಾ. ಎರಡು ಕಡೆ ಬಾಯಿ ತೆರೆದಿರುವುದು ಫಿಕ್ಸ್ ಪಾನಾ. ತುದಿಯಲ್ಲಿ ಬಳೆ ಇರುವುದು ರಿಂಗ್ ಪಾನಾ. ಬಾಯಿ ಚಿಕ್ಕದು ದೊಡ್ಡದು ಮಾಡಬಹುದಾದದ್ದು ಸ್ಕ್ರೂ ಪಾನಾ. ನಲ್ಲಿ ಕೆಲಸದವರದ್ದು ಪೈಪ್ ಪಾನಾ. ಗಾಲಿಯದ್ದು ವೀಲ್ ಪಾನಾ. ಬರೀ ಕಾರಿನ ಜೊತೆ ಬರುವುದನ್ನು ಎಲ್ ಪಾನಾ, ಎಲ್ ಸ್ಪ್ಯಾನರ್ ಅಂತಲೂ ಅಂತಾರೆ. ಕೂಡಿಸುವ ಚಿಹ್ನೆ ಥರ ನಾಲ್ಕು ಕೈ ಇರುವುದು ಪ್ಲಸ್ ಪಾನಾ. ಅದರ ನಾಲ್ಕು ತುದಿಗೆ ಸಾಮಾನ್ಯವಾಗಿ 17, 19, 21, 23 ಅಂತ ಅಳತೆ ಇರುತ್ತೆ. ಎಲ್ಲ ಮಿಲಿಮೀಟರ್ ಲೆಕ್ಕ. ಯಾವ ಕಾರು ಬಂದರೂ ಒಂದಲ್ಲ ಒಂದು ಕೂರುತ್ತೆ.

ಇನ್ನೂ ಒಂದು ಹೇಳ್ತೀನಿ. ಕೆಲಸದ ಹೊತ್ತಿನಲ್ಲಿ ಪಾನಾ ಅನ್ನೋ ಮಾತೂ ಬೇಕಾಗಲ್ಲ. ಗಾಡಿ ಕೆಳಗಿಂದ ಕೈ ಚಾಚಿ "ಹನ್ನೆರಡು-ಹದಿಮೂರು" ಅಂದರೆ ಹುಡುಗ ತಂದು ಕೈಗಿಡ್ತಾನೆ. ತಪ್ಪು ತಂದರೆ ಮಾತ್ರ ಪೂರ್ತಿ ಹೆಸರು ಬರುತ್ತೆ. ಅವನದ್ದೂ ಸೇರಿಸಿ.

ನೀವು ವೀಲ್ ಪಾನಾ ಅಂತಲೇ ಬರೀರಿ.

ಆರುಚಕ್ರ (ಹರಿಹರ)

ಲಾರಿಯವರ ಮಾನ ಉಳಿಸಲು ಬರೀತಿದ್ದೀನಿ. ಟಾಮಿ ಅಂದರೆ ಪಾನಾ ಅಲ್ರೀ. ಟಾಮಿ ಅಂದರೆ ರಾಡು.

ಲಾರಿಯ ಗಾಲಿ ನಟ್ಟು ಬಿಚ್ಚುವ ಪಾನಾ ದಪ್ಪ ಕೊಳವೆ ಇದ್ದ ಹಾಗೆ ಇರುತ್ತೆ. ಅದಕ್ಕೆ ಅಡ್ಡಲಾಗಿ ತೂತು. ಆ ತೂತಿಗೆ ತೂರಿಸುವ ಮಾರುದ್ದದ ಕಬ್ಬಿಣದ ರಾಡು ಇದೆಯಲ್ಲ, ಅದು ಟಾಮಿ. ಬಾಟಲ್ ಜಾಕ್ ಒತ್ತಲೂ ಅದೇ, ಟೈರ್‌ಗೆ ಬಡಿದು ಗಾಳಿ ನೋಡಲೂ ಅದೇ. ರಾತ್ರಿ ಹೊತ್ತು ಸೀಟಿನ ಪಕ್ಕ ಮಲಗಿಸಿಕೊಳ್ಳುವುದೂ ಅದನ್ನೇ. ಯಾಕೆ ಅಂತ ಕೇಳಬೇಡಿ.

ಕಾರಿನ ಎಲ್ ಪಾನಾದಲ್ಲಿ ಬಟ್ಟಲು, ಹಿಡಿ ಎರಡೂ ಒಂದೇ ಕಬ್ಬಿಣ. ಬೇರೆ ರಾಡೇ ಇಲ್ಲ ಅಂದಮೇಲೆ ಅದಕ್ಕೆ ಟಾಮಿ ಅನ್ನುವುದು ತಪ್ಪು. ಆದರೂ ಅಂತಾರೆ. ನಿಮ್ಮ ಮಾವ ಹಳೇ ಅಭ್ಯಾಸದಲ್ಲಿ ಅಂದಿರಬೇಕು.

ದುರ್ಗದಗಾಳಿ (ಚಿತ್ರದುರ್ಗ)

ಒಳ್ಳೆ ಎಳೆ. ನಾನು ಇಂಗ್ಲಿಷ್ ಪಾಠ ಮಾಡುವವನು, ಸ್ವಲ್ಪ ಉದ್ದ ಆಗುತ್ತೆ, ಬೇಜಾರಾಗಬೇಡಿ.

ಜಾಕ್, ಟಾಮಿ ಎರಡೂ ಮನುಷ್ಯರ ಹೆಸರು. ಜಾನ್‌ಗೆ ಮುದ್ದಿನಿಂದ ಜಾಕ್. ಥಾಮಸ್‌ಗೆ ಟಾಮಿ. ನಮ್ಮಲ್ಲಿ ಬಸವರಾಜ ಬಸ್ಯಾ ಆದ ಹಾಗೆ. ಹಿಂದೆ ಇಂಗ್ಲೆಂಡಿನಲ್ಲಿ ಯಾವನೋ ಒಬ್ಬ ಆಳು ಅನ್ನುವುದಕ್ಕೆ ಜಾಕ್ ಅಂದುಬಿಡುತ್ತಿದ್ದರು. ಆಮೇಲೆ ಆಳು ಮಾಡುವ ಕೆಲಸವನ್ನು ಸಾಮಾನು ಮಾಡಿದರೆ ಆ ಸಾಮಾನಿಗೂ ಜಾಕ್. ಕಾಲಿಂದ ಬೂಟು ಎಳೆಯುವ ಕವಲು ಹಲಗೆ ಬೂಟ್‌ಜಾಕ್. ಅಡುಗೆಮನೆಯಲ್ಲಿ ಒಲೆ ಮುಂದೆ ಮಾಂಸದ ಕಂಬಿ ತಿರುಗಿಸುವ ಯಂತ್ರವೂ ಜಾಕ್. ಹಾಗೇ ಭಾರ ಎತ್ತುವುದೂ ಜಾಕ್ ಆಯ್ತು. ನಮ್ಮವರು ಕೆಲವರು ಜಾಕಿ ಅಂತಾರೆ. ಕುದುರೆ ಓಡಿಸುವ ಜಾಕಿಯ ಹೆಸರೂ ಇದೇ ಜಾಕ್‌ನ ವಂಶದ್ದು, ಹಾಗಾಗಿ ದೊಡ್ಡ ತಪ್ಪೇನಲ್ಲ.

ಟಾಮಿ ಬಗ್ಗೆ ಆರುಚಕ್ರ ಅವರು ಹೇಳಿದ್ದೇ ಸರಿ. ಇಂಗ್ಲಿಷ್‌ನಲ್ಲೂ ಟಾಮಿ ಬಾರ್ ಅಂದರೆ ಪಾನಾದ ತೂತಿಗೆ ಹಾಕುವ ರಾಡು. ಅಲ್ಲಿ ಸಿಪಾಯಿಗೂ ಟಾಮಿ ಅಂತ ಕರೆಯುತ್ತಿದ್ದರು. ನಮ್ಮಲ್ಲಿ ನಾಯಿಗೆ ಬಂತು.

ಈಗ ಸ್ಪ್ಯಾನರ್. ಮೂಲ ಜರ್ಮನ್, ಸ್ಪಾನೆನ್. ಹಿಗ್ಗಿಸು, ಬಿಗಿ ಮಾಡು ಅಂತ ಅರ್ಥ. ಇಂಗ್ಲಿಷ್‌ಗೆ ಬಂದದ್ದು 17ನೇ ಶತಮಾನದಲ್ಲಿ, ಬಂದೂಕಿನ ಜೊತೆ. ಆಗಿನ ಒಂದು ಥರದ ಬಂದೂಕಿನಲ್ಲಿ ಚಿಕ್ಕ ಚಕ್ರ, ಅದಕ್ಕೆ ಸ್ಪ್ರಿಂಗ್. ಆ ಸ್ಪ್ರಿಂಗ್ ಬಿಗಿಯುವ ಕೀಲಿ ಸ್ಪ್ಯಾನರ್. ಅಮೆರಿಕದವರು ಅನ್ನುವ ರೆಂಚ್‌ಗೆ ಮೂಲ ಅರ್ಥ ತಿರುಚು. ಕಾಲು ಉಳುಕಿದರೂ ಅವರಿಗೆ ಅದೇ ಮಾತು. ಅಂದರೆ ಒಂದೇ ಸಾಮಾನನ್ನು ಒಬ್ಬರು ಬಿಗಿಯುವುದು ಅಂದರು, ಇನ್ನೊಬ್ಬರು ತಿರುಚುವುದು ಅಂದರು. ಇಂಗ್ಲೆಂಡಿನವರ ಬ್ರೇಸ್ ಬಡಗಿಯ ಕೈಪೆಟ್ಟಿಗೆಯಿಂದ ಬಂದದ್ದು. ಕೈಯಲ್ಲಿ ತಿರುಗಿಸಿ ತೂತು ಕೊರೆಯುವ ಬಾಗಿದ ಹಿಡಿ ಇರುತ್ತಲ್ಲ, ಅದು ಬ್ರೇಸ್.

ಲಗ್ ನನಗೆ ಇಷ್ಟ. ಸ್ಕಾಟ್ಲೆಂಡಿನ ಕಡೆ ಲಗ್ ಅಂದರೆ ಕಿವಿ. ಕಿವಿಯ ಹಾಗೆ ಹೊರಗೆ ಚಾಚಿದ್ದಕ್ಕೆಲ್ಲ ಲಗ್ ಅಂದರು. ನಾವು ಕಡಾಯಿಗೆ ಎರಡು ಕಿವಿ ಅನ್ನಲ್ವಾ, ಹಾಗೆ.

ಬೆಣ್ಣೆಖಾಲಿ

ಅಂದರೆ ಲಗ್ ರೆಂಚ್ ಅಂದ್ರೆ ಕಿವಿ ಹಿಂಡೋದು! ನಮ್ಮ ಮೇಷ್ಟ್ರು ಇದನ್ನ ಪ್ರಾಕ್ಟಿಕಲ್ ಆಗೇ ಹೇಳಿಕೊಟ್ಟಿದ್ದರು.

ಸಂಜೆಮಲ್ಲಿಗೆ

ಸರ್, ಹಾಗಾದರೆ ಸ್ಟೆಪ್ನಿ? ಡಿಕ್ಕಿ? ಅವರೂ ಯಾರಾದರೂ ಮನುಷ್ಯರೇನಾ?

ದುರ್ಗದಗಾಳಿ

ಸ್ಟೆಪ್ನಿ ಒಂದು ಬೀದಿ. ವೇಲ್ಸ್ ದೇಶದ ಲನೆಲಿ ಅನ್ನೋ ಊರಲ್ಲಿದೆ. ಮೊದಮೊದಲಿನ ಕಾರುಗಳಿಗೆ ಹೆಚ್ಚಿನ ಗಾಲಿ ಕೊಡುತ್ತಲೇ ಇರಲಿಲ್ಲ. ಪಂಚರ್ ಆದರೆ ರಸ್ತೆಯಲ್ಲೇ ಕೂತು ತೇಪೆ ಹಾಕಬೇಕು. 1904ರಲ್ಲಿ ಆ ಊರಿನ ಡೇವಿಸ್ ಅನ್ನೋ ಅಣ್ಣತಮ್ಮಂದಿರು ಒಂದು ಉಪಾಯ ಮಾಡಿದರು. ಅರೆಗಳೇ ಇಲ್ಲದ ಬರೀ ಬಳೆ, ಅದರ ಮೇಲೆ ಗಾಳಿ ತುಂಬಿದ ಟೈರ್. ಪಂಚರ್ ಆದ ಗಾಲಿ ಬಿಚ್ಚುವ ಹಾಗೇ ಇಲ್ಲ. ಅದರ ಪಕ್ಕಕ್ಕೆ ಈ ಬಳೆ ಕಚ್ಚಿಸಿ ಹೊರಡುವುದು. ಅಂಗಡಿ ಸ್ಟೆಪ್ನಿ ಬೀದಿಯಲ್ಲಿತ್ತು, ಹೆಸರು ಅದೇ ಆಯ್ತು. ಆ ಬಳೆ ಹೋಯಿತು, ಹೆಸರು ನಮ್ಮಲ್ಲಿ ಉಳಿಯಿತು. ಈಗ ಇಂಗ್ಲೆಂಡಿನಲ್ಲಿ ಸ್ಟೆಪ್ನಿ ಕೊಡಿ ಅಂದರೆ ಮುಖ ನೋಡ್ತಾರೆ.

ಡಿಕ್ಕಿ ಅಂದರೆ ಕುದುರೆ ಗಾಡಿಯ ಹಿಂಬದಿಯಲ್ಲಿ ಆಳು ಕೂರುವ ಸೀಟು. ಹಳೇ ಕಾರುಗಳಲ್ಲೂ ಹಿಂದೆ ಮಡಚುವ ಸೀಟು ಇರುತ್ತಿತ್ತು. ಸೀಟು ಹೋಗಿ ಸಾಮಾನು ಬಂತು. ನಾವು ಡಿಕ್ಕಿ ಅನ್ನುವುದನ್ನು ಬಿಡಲಿಲ್ಲ.

ಪಿಬಿರೋಡ್ ಪಾನಾ

ನಮ್ಮೂರ ಪಿ.ಬಿ. ರೋಡೂ ಅದೇ ಜಾತಿ ಸರ್. ಪೂನಾ-ಬೆಂಗಳೂರು ರೋಡು. ಪೂನಾ ಹೋಗಿ ಪುಣೆ ಆಯ್ತು. ಹೆದ್ದಾರಿ ಊರ ಹೊರಗೆ ಹೋಯ್ತು. ಅದರ ನಂಬರ್ 4 ಇದ್ದದ್ದು 48 ಆಯ್ತು. ಪಿ.ಬಿ. ರೋಡ್ ಮಾತ್ರ ಪಿ.ಬಿ. ರೋಡೇ.

ಕನ್ನಡಕಲ್ಲು (ಚಿತ್ರದುರ್ಗ)

ಇಷ್ಟೆಲ್ಲ ಪರದೇಶದ ಕಥೆ ಕೇಳಿ ಆಯ್ತು. ಕನ್ನಡದಲ್ಲಿ ಬರೆಯುವ ಹಾಳೆಗೆ ಕನ್ನಡ ಪದ ಯಾಕೆ ಬೇಡ? ಸ್ಕ್ರೂಡ್ರೈವರ್‌ಗೆ ತಿರುಪುಳಿ ಅಂತ ಚೆಂದದ ಪದ ಇದೆ. ಹಾಗೇ ಇದಕ್ಕೆ "ಗಾಲಿತಿರುಪು" ಅನ್ನಬಹುದು. ಜಾಕ್‌ಗೆ "ಎತ್ತುಗ".

ಆರುಚಕ್ರ

ಸ್ವಾಮಿ, ರಾತ್ರಿ ಹನ್ನೊಂದಕ್ಕೆ ಮಳೆಯಲ್ಲಿ ನಿಂತು ದಾರಿಹೋಕರ ಹತ್ತಿರ "ಅಣ್ಣಾ, ಒಂದು ಎತ್ತುಗ ಇದೆಯಾ" ಅಂತ ಕೇಳಿ ನೋಡಿ. ಹಳ್ಳಿ ಕಡೆಯವನಾದರೆ ಎತ್ತು ಹೊಡ್ಕೊಂಡು ಬಂದಾನು.

ಕನ್ನಡಕಲ್ಲು

ನಗುವುದು ಸುಲಭ. ತಿರುಪುಳಿ ಕೇಳಿಯೂ ಒಂದು ಕಾಲಕ್ಕೆ ನಕ್ಕಿರುತ್ತಾರೆ.

ದುರ್ಗದಗಾಳಿ

ಇಬ್ಬರ ಮಾತಲ್ಲೂ ಅರ್ಥ ಇದೆ. ನನಗೆ ಗಾಲಿತಿರುಪು ಇಷ್ಟ ಆಯ್ತು, ಕಥೆಯಲ್ಲಿ ಬಂದರೆ ಓದ್ತೀನಿ. ಆದರೆ ಡಿಕ್ಕಿ ಬಾಗಿಲಿನ ಹಾಳೆ ಓದುವವರು ಆಗಲೇ ತೊಂದರೆಯಲ್ಲಿ ಇರುತ್ತಾರೆ. ಹೊಸ ಪದ ಕಲಿಯುವ ಹೊತ್ತು ಅದಲ್ಲ.

ಶೇಂಗಾಹೊಲ (ಚಳ್ಳಕೆರೆ ತಾಲೂಕು)

ನಮ್ಮಲ್ಲಿ ಗಾಲಿಗೆ ಪದಗಳು ಇರಲಿಲ್ಲ ಅಂತ ಯಾರೂ ತಿಳಿಯಬೇಡಿ. ನಮ್ಮಜ್ಜನ ಬಂಡಿಯಲ್ಲಿ ಎಲ್ಲಾ ಇತ್ತು. ನಡುವೆ ಗುಂಬ. ಗುಂಬದಿಂದ ಹೊರಟ ಅರೆಗಳು. ಎರಡು ಗಾಲಿಗೂ ಸೇರಿ ಅಚ್ಚು. ಗಾಲಿ ಅಚ್ಚಿನಿಂದ ಕಳಚದ ಹಾಗೆ ತುದಿಗೆ ಹೊಡೆಯುವ ಮೊಳೆ ಕಡಾಣಿ. ಕಡೆಗೀಲು ಅಂತಲೂ ಅಂತಾರೆ, ವಚನಗಳಲ್ಲೂ ಬರುತ್ತೆ. ಅದಕ್ಕೆ ಪಾನಾ ಬೇಕಿಲ್ಲ. ಕಲ್ಲಲ್ಲಿ ಎರಡು ಏಟು ಕೊಟ್ಟರೆ ಬಂತು.

ನಾನು ಚಿಕ್ಕವನಿದ್ದಾಗ ಕೀಲೆಣ್ಣೆ ಹಚ್ಚುವ ದಿನ ಅಜ್ಜ ಹಾರೆ ಕೊಟ್ಟು ಬಂಡಿ ಎತ್ತುತ್ತಿದ್ದ. ನಾನು ಕೆಳಗೆ ಕಲ್ಲು ತಳ್ಳಬೇಕು. "ಕೈ ತಗಿ" ಅಂತ ಅಜ್ಜ ಅಂದಮೇಲೆ ಹಾರೆ ಬಿಡುವುದು. ಕಲ್ಲು ಸ್ವಲ್ಪ ಜಾರಿದರೂ ಬೈಗುಳ. ಜಾಕ್ ನೋಡಿದಾಗೆಲ್ಲ ಆ ಕಲ್ಲು ನೆನಪಾಗುತ್ತೆ. ಮೇಡಂ, ನಿಮ್ಮ ಹಾಳೆಯಲ್ಲಿ ಹೆಸರು ಏನಾದರೂ ಇರಲಿ, "ಜಾಕ್ ಮೇಲಿರುವ ಗಾಡಿ ಕೆಳಗೆ ಕೈ ಹಾಕಬೇಡಿ" ಅಂತ ದೊಡ್ಡಕ್ಷರದಲ್ಲಿ ಬರೀರಿ.

ಸಂಜೆಮಲ್ಲಿಗೆ

ಖಂಡಿತ ಬರೀತೀನಿ ಅಣ್ಣ. ಈಗ ಇನ್ನೊಂದು ಸಂಶಯ. ಆವತ್ತು ಪಾನಾ ಯಾವುದು ಅಂತ ಗೊತ್ತಾದ ಮೇಲೂ ನಟ್ಟು ನನ್ನ ಕೈಗೆ ಜಗ್ಗಲಿಲ್ಲ. ಈರುಳ್ಳಿ ಗಾಡಿಯ ಅಣ್ಣ ಪಾನಾ ಮೇಲೆ ಕಾಲಿಟ್ಟು ಒಂದು ಸಲ ಒತ್ತಿದರು, ಟಕ್ ಅಂತ ಬಿಟ್ಟಿತು. ಶಕ್ತಿ ಸಾಲದಾ, ನನ್ನ ರೀತಿ ತಪ್ಪಾ?

ಪಿಬಿರೋಡ್ ಪಾನಾ

ರೀತಿ ಮೇಡಂ, ರೀತಿ. ಲೆಕ್ಕ ಹಾಕಿ ತೋರಿಸ್ತೀನಿ.

ಕಾರಿನ ಗಾಲಿ ನಟ್ಟನ್ನು ಎಷ್ಟು ಬಿಗಿಯಬೇಕು ಅಂತ ಕಂಪನಿಯವರು ಪುಸ್ತಕದಲ್ಲಿ ಕೊಟ್ಟಿರುತ್ತಾರೆ. ಸಣ್ಣ ಕಾರುಗಳಿಗೆ ಸುಮಾರು 85ರಿಂದ 120 ನ್ಯೂಟನ್ ಮೀಟರ್ ಒಳಗೆ ಇರುತ್ತೆ. ನಿಮ್ಮ ಪಾನಾದ ಹಿಡಿ 30 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಕೈಯಲ್ಲಿ 20 ಕೆಜಿ ಭಾರದಷ್ಟು ಒತ್ತಿದರೆ ಸಿಗುವುದು 59 ನ್ಯೂಟನ್ ಮೀಟರ್. ಸಾಲಲ್ಲ. ಅದೇ 55 ಕೆಜಿ ಇರುವವರು ಹಿಡಿಯ ತುದಿಗೆ ಕಾಲಿಟ್ಟು ಪೂರ್ತಿ ಭಾರ ಬಿಟ್ಟರೆ 160 ದಾಟುತ್ತೆ. ನಟ್ಟು ಬಿಡಲೇಬೇಕು.

ಆದರೆ ಹಿಡಿ ಯಾವ ಕಡೆ ಇರಬೇಕು ಅನ್ನೋದೇ ಮುಖ್ಯ. ಗಾಲಿ ಎದುರಿಗೆ ನಿಂತರೆ ಹಿಡಿ ನಿಮ್ಮ ಎಡಕ್ಕೆ ಚಾಚಿರಬೇಕು, ನೆಲಕ್ಕೆ ಸಮವಾಗಿ. ಆಗ ಕೆಳಕ್ಕೆ ತುಳಿದರೆ ಬಿಚ್ಚುತ್ತೆ. ಬಲಕ್ಕೆ ಇಟ್ಟು ತುಳಿದರೆ ಇನ್ನಷ್ಟು ಬಿಗಿಯುತ್ತೆ. ಅರ್ಧ ಜನ ಇಲ್ಲೇ ತಪ್ಪೋದು. ಜಿಗಿಯಬೇಡಿ, ಪಾನಾ ಜಾರಿದರೆ ಮೊಣಕಾಲು ಹೋಗುತ್ತೆ. ನಟ್ಟು ಬಟ್ಟಲಿನೊಳಗೆ ಪೂರ್ತಿ ಕೂತಿದೆಯಾ ನೋಡಿ, ಗಾಡಿ ಹಿಡಿದುಕೊಂಡು ನಿಧಾನ ಭಾರ ಬಿಡಿ.

ಇದೆಲ್ಲ ಜಾಕ್ ಎತ್ತುವುದಕ್ಕೆ ಮುಂಚೆ. ಗಾಲಿ ನೆಲಕ್ಕೆ ತಾಗಿರುವಾಗಲೇ ನಟ್ಟು ಅರ್ಧ ಸುತ್ತು ಸಡಿಲ ಮಾಡಬೇಕು. ಎತ್ತಿದ ಮೇಲೆ ತುಳಿದರೆ ಗಾಲಿ ತಿರುಗುತ್ತೆ, ಗಾಡಿ ಜಾಕ್‌ನಿಂದ ಜಾರುತ್ತೆ.

ಎಡಗೈಯವ (ಹೊಳಲ್ಕೆರೆ)

ರೀತಿ ಸರಿ ಇದ್ದರೂ ಬಿಡದ ನಟ್ಟು ಇರುತ್ತೆ ಸರ್. ಹೋದ ವರ್ಷ ಒಂದು ಟೈರ್ ಅಂಗಡಿಯಲ್ಲಿ ಗಾಳಿ ಗನ್ ಇಟ್ಟು ಟರ್ ಅಂತ ಬಿಗಿದು ಕಳಿಸಿದರು. ಎರಡು ತಿಂಗಳಿಗೆ ಪಂಚರ್. ನಾನು 80 ಕೆಜಿ. ಪಾನಾ ಮೇಲೆ ನಿಂತರೂ ಮಿಸುಕಲಿಲ್ಲ. ಕೊನೆಗೆ ಪೈಪ್ ಹಾಕಿ ಜಗ್ಗಿದರೆ ಬೋಲ್ಟೇ ಮುರಿಯಿತು. ಮುರಿದ ಬೋಲ್ಟಿಗೆ ಅವರೇ ಮತ್ತೆ ದುಡ್ಡು ತೊಗೊಂಡರು ಅನ್ನೋದು ಬೇರೆ ಮಾತು.

ಪಿಬಿರೋಡ್ ಪಾನಾ

ನಮ್ಮವರ ತಪ್ಪು ಒಪ್ಪಿಕೊಳ್ಳಬೇಕು. ಗನ್‌ನಲ್ಲಿ ನಟ್ಟು ಕೂರಿಸಿ, ಕೊನೆಯ ಬಿಗಿ ಕೈಯಲ್ಲಿ ಕೊಡಬೇಕು. ಅವಸರಕ್ಕೆ ಯಾರೂ ಮಾಡಲ್ಲ. ಅಂಗಡಿಯಲ್ಲಿ ನಿಂತು "ಅಣ್ಣಾ, ಕೊನೆಗೆ ಕೈ ಪಾನಾ ಹಾಕಿ" ಅಂತ ಕೇಳಿ. ಮುಖ ಗಂಟಿಕ್ಕಿದರೂ ಮಾಡ್ತಾರೆ.

ಪೈಪ್ ವಿಷಯ. ಹಿಡಿ 30 ಇದ್ದದ್ದು 60 ಆದರೆ ಅದೇ ಭಾರಕ್ಕೆ ಎರಡರಷ್ಟು ಬಲ. ಬಿಚ್ಚಲು ಒಮ್ಮೊಮ್ಮೆ ಬೇಕಾಗುತ್ತೆ. ಬಿಗಿಯಲು ಮಾತ್ರ ಪೈಪ್ ಹಾಕಲೇಬೇಡಿ. ಬೋಲ್ಟು ಎಳೆದುಹೋಗುತ್ತೆ, ಮುಂದಿನ ಸಲ ಮುರಿಯುತ್ತೆ. ಬಿಗಿಯುವಾಗ ಎದುರುಬದುರು ನಟ್ಟು ಹಿಡಿಯಬೇಕು. ನಾಲ್ಕಿದ್ದರೆ ಸುಲಭ. ಐದಿದ್ದರೆ 1, 3, 5, 2, 4. ನಟ್ಟಿನ ಚೂಪು ಬದಿ ಒಳಕ್ಕೆ. ಗಾಡಿ ಇಳಿಸಿದ ಮೇಲೆ ಕೊನೆಯ ಬಿಗಿ. ಮರುದಿನ ಒಂದು ಸಲ ಮತ್ತೆ ಪಾನಾ ಹಾಕಿ ನೋಡಿ.

ಆರುಚಕ್ರ

ಲಾರಿಯವರಿಗೆ ಒಂದು ಮಾತು ಸೇರಿಸ್ತೀನಿ. ಕೆಲವು ಹಳೇ ಲಾರಿಗಳಲ್ಲಿ ಎಡಗಡೆ ಗಾಲಿಗಳಿಗೆ ಉಲ್ಟಾ ಥ್ರೆಡ್. ಬಲಗಡೆ ಬಿಚ್ಚುವ ದಿಕ್ಕಿಗೆ ಎಡಗಡೆ ತಿರುಗಿಸಿದರೆ ಬಿಗಿಯಾಗುತ್ತಾ ಹೋಗುತ್ತೆ. ನಾನು ಕ್ಲೀನರ್ ಆಗಿ ಸೇರಿದ ಮೊದಲನೇ ವಾರ, ಹಿರಿಯೂರಿನ ಹತ್ತಿರ, ಒಂದು ಗಂಟೆ ಟಾಮಿ ಮೇಲೆ ಕುಣಿದಿದ್ದೀನಿ. ಡ್ರೈವರ್ ಬೀಡಿ ಸೇದುತ್ತಾ ನೋಡ್ತಿದ್ದ. ಹೇಳಲಿಲ್ಲ. ಆಮೇಲೆ ನಾನೂ ನನ್ನ ಕ್ಲೀನರ್‌ಗೆ ಹೇಳಲಿಲ್ಲ.

ಬೆಣ್ಣೆಖಾಲಿ

ನನ್ನ ಹೊಸ ಕಾರಲ್ಲಿ ಪಾನಾನೂ ಇಲ್ಲ, ಟಾಮಿನೂ ಇಲ್ಲ, ಸ್ಟೆಪ್ನಿನೂ ಇಲ್ಲ. ಒಂದು ಡಬ್ಬಿ ಅಂಟು, ಒಂದು ಪುಟ್ಟ ಪಂಪ್ ಇದೆ. ಮೋಸ ಹೋದೆನಾ?

ಎಡಗೈಯವ

ಇಲ್ಲ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಟ್ಯೂಬ್‌ಲೆಸ್ ಟೈರ್, ಟೈರ್ ಗಾಳಿ ಎಷ್ಟಿದೆ ಅಂತ ತೋರಿಸುವ ವ್ಯವಸ್ಥೆ, ಜೊತೆಗೆ ರಿಪೇರಿ ಕಿಟ್ ಇದ್ದರೆ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ. ಆದರೆ ಟೈರ್ ಪಕ್ಕ ಹರಿದರೆ ಅಂಟು ನಿಲ್ಲಲ್ಲ, ನೆನಪಿರಲಿ.

ಸಂಜೆಮಲ್ಲಿಗೆ

ಎಲ್ಲರಿಗೂ ಬರೆಯಲು ತಡವಾಯ್ತು. ನಿನ್ನೆ ಮಾವ ಮನೆಗೆ ಬಂದಿದ್ದರು. ಡಿಕ್ಕಿ ತೆಗೆದು ಎರಡೂ ಕಬ್ಬಿಣ ಮುಂದಿಟ್ಟು, "ಇದರಲ್ಲಿ ಟಾಮಿ ಯಾವುದು ಹೇಳು ಮಾಮಾ" ಅಂದೆ. ಅವರು ಕೊಕ್ಕೆ ಕಂಬಿ ಎತ್ತಿದರು! ಅವರು ಕೇಳಿದ್ದು ಜಾಕ್ ತಿರುಗಿಸುವ ರಾಡು. ನಾನು ಪಾನಾ ಹಿಡಿದು "ಸಿಕ್ತು" ಅಂದಿದ್ದೆ. ಅದಕ್ಕೇ ಜಾಕ್‌ಗೆ ಕೂರಲಿಲ್ಲ. ಆರುಚಕ್ರ ಅವರು ಹೇಳಿದ್ದು ನಿಜ. ನಮ್ಮ ಮಾವ ಏನೂ ತಪ್ಪು ಹೇಳಿರಲಿಲ್ಲ.

ಪಿಬಿರೋಡ್ ಪಾನಾ

ಒಂದು ನಿಮಿಷ ಮೇಡಂ. ಆ ಕೊಕ್ಕೆ ಕಂಬಿಯ ಇನ್ನೊಂದು ತುದಿ ಹೇಗಿದೆ ನೋಡಿ. ಎಷ್ಟೋ ಕಾರುಗಳಲ್ಲಿ ಕೊಕ್ಕೆಯನ್ನು ಜಾಕ್‌ಗೆ ಸಿಕ್ಕಿಸಿ, ಇನ್ನೊಂದು ತುದಿಗೆ ವೀಲ್ ಪಾನಾ ಹಾಕಿ ತಿರುಗಿಸಬೇಕು. ಬರೀ ಕಂಬಿ ಹಿಡಿದರೆ ಕೈ ಸೋಲುತ್ತೆ.

ಸಂಜೆಮಲ್ಲಿಗೆ

ನೋಡಿದೆ. ಹೌದು, ಸರಿಯಾಗಿ ಪಾನಾ ಕೂರುವಂಥ ತುದಿ ಇದೆ.

ಆರುಚಕ್ರ

ಆಯ್ತು ಬಿಡಿ. ಜಾಕ್ ಎತ್ತುವಾಗ ನಿಮ್ಮ ಪಾನಾನೇ ಟಾಮಿ. ನಾನು ಸೋತೆ.

ಸಂಜೆಮಲ್ಲಿಗೆ

ಹಾಳೆ ಬರೆದು ಮುಗಿಸಿದೆ. "ವೀಲ್ ಪಾನಾ" ಅಂತಲೇ ಬರೆದು ಪಕ್ಕದಲ್ಲಿ ಚಿತ್ರ ಬಿಡಿಸಿದ್ದೆ. ಕನ್ನಡಕಲ್ಲು ಅವರ ಸಮಾಧಾನಕ್ಕೆ ವೀಲ್ ಬದಲಿಸುವುದು ಅನ್ನುವ ಕಡೆಯೆಲ್ಲ ಗಾಲಿ ಬದಲಿಸುವುದು ಅಂತ ಮಾಡಿದೆ.

ಇವತ್ತು ಸಂಘದ ಅಂಗಳದಲ್ಲೇ ಒಂದು ಸಲ ಮಾಡಿ ನೋಡಿದೆವು. ಹ್ಯಾಂಡ್‌ಬ್ರೇಕ್ ಹಾಕಿ, ಮೊದಲನೇ ಗೇರ್‌ನಲ್ಲಿಟ್ಟು, ಎದುರು ಗಾಲಿಗೆ ಕಲ್ಲು ಕೊಟ್ಟೆವು. ನಾಲ್ಕರಲ್ಲಿ ಮೂರು ನಟ್ಟು ಕಾಲಲ್ಲೇ ಬಿಟ್ಟವು. ಒಂದಕ್ಕೆ ಇಬ್ಬರು ಬೇಕಾಯ್ತು. ಒಟ್ಟು ನಲವತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ನಗೋದಕ್ಕೇ ಹೋಯ್ತು.

ರೊಟ್ಟಿ ಬಡಿಯುವ ಒಬ್ಬ ಅಜ್ಜಿ ಕೂತು ನೋಡುತ್ತಿದ್ದರು. ಪಾನಾ ಬೇಕಾದಾಗ ನಾನು "ಅಜ್ಜಿ, ಆ ವೀಲ್ ಪಾನಾ ಕೊಡಿ" ಅಂದೆ. ಸುತ್ತಮುತ್ತ ನೋಡಿದರು. ಆಮೇಲೆ ಅದನ್ನೇ ಎತ್ತಿ, "ಈ ಸೌಟಾ?" ಅಂದರು. ಉದ್ದ ಹಿಡಿ, ತುದಿಗೆ ಬಟ್ಟಲು. ಆಮೇಲೆ ಉಳಿದವರೂ ಸೌಟು ಕೊಡು, ಸೌಟು ಹಿಡಿ ಅಂತಲೇ ಶುರು ಮಾಡಿದರು. ಸಂಜೆ ನೋಡಿದರೆ ಹಾಳೆಯಲ್ಲಿ ವೀಲ್ ಪಾನಾ ಅನ್ನೋದರ ಕೆಳಗೆ ಯಾರೋ ಪೆನ್ನಿನಲ್ಲಿ "ಸೌಟು" ಅಂತ ಬರೆದಿದ್ದಾರೆ. ಅಳಿಸಿಲ್ಲ.